ನೊಣಗಳು ಹೇಳಲಿ

ಆಗಸ್ಟ್ 12, ಮಂಗಳವಾರ

ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಅಕ್ಕನ ಮಗಳು ಶಿವಲೀಲಾ ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಹಣ್ಣಿನ ನೊಣದಲ್ಲಿ ಒಂದು ಜೀನ್ ಬದಲಾದರೆ ತತ್ತಿಯೊಳಗಿನ ಮರಿಗೆ ತಲೆಯೇ ಮೂಡದೆ ಅದು ಅಲ್ಲೇ ಸಾಯುತ್ತದೆ ಎಂದು ಅವಳು ತೋರಿಸಬೇಕಿತ್ತು.

“ಮಾಮಾ, ಜೀನ್ ಬದಲಾಗದ ಒಳ್ಳೆ ನೊಣದ ತತ್ತಿನೂ ಸತ್ತಾವು. ನೀ ಬಾಟ್ಲಿ ಅದಲುಬದಲು ಮಾಡೀದಿ ಅಂತ ಸರ್ ಬೈದ್ರು. ಮೂರು ತಿಂಗಳ ಕೆಲಸ ಹೋತು.”

ಆ ನೊಣಗಳ ಮೇವು ನನ್ನ ಕಮಲಾಪುರದ ತೋಟದ ಬಾಳೆಹಣ್ಣು. ಹುಳ ಕೊಲ್ಲುವ ಔಷಧಿ ಒಂದು ಹನಿಯೂ ಮುಟ್ಟಿಸಿಲ್ಲ ಎಂದು ಊರೆಲ್ಲ ಕೊಚ್ಚಿಕೊಂಡವನು ನಾನೇ. ಬೇಸಿಗೆಯಲ್ಲಿ ಕದ್ದು ಹೊಡೆದವನೂ ನಾನೇ.

ಹೆಂಡತಿ ಹಂಪಮ್ಮ ನಕ್ಕಳು. “ಯಾರ ಕೈಗೂ ಸಿಗದಾವ್ರು ನೊಣದ ಕೈಗೆ ಸಿಕ್ಕಿಬಿದ್ರಲ್ರೀ!”

ಬಿದ್ದೆ, ಏನಾಯಿತೀಗ? ನಾಳೆ ಮನೆ ಹಿತ್ತಲಿನ ಬಾಳೆಗೊನೆ ಹೊತ್ತು ಹೊಸಪೇಟೆಯಲ್ಲಿ ರೈಲು ಹತ್ತುತ್ತೇನೆ. ಆ ಸರ್ ಎದುರಿಗೇ ನಿಂತು ಹೇಳುತ್ತೇನೆ: “ಹುಡುಗಿದೇನೂ ತಪ್ಪಿಲ್ರೀ, ಸುಳ್ಳು ಹೇಳಿದಾಂವ ನಾನು. ಈ ಹಣ್ಣು ಹಾಕಿ ನೋಡ್ರಿ. ಒಳ್ಳೆ ತತ್ತಿ ಒಡೀತಾವು, ಜೀನ್ ಕೆಟ್ಟಿದ್ದು ಒಡೆಯಂಗಿಲ್ಲ.” ಏಳನೇ ಕ್ಲಾಸು ಓದಿದವನು ಪಾಠ ಹೇಳಲು ಬಂದ ಎಂದು ನಗುವುದಾದರೆ ನಗಲಿ. ಊರಲ್ಲಿ ನನ್ನ ಹೆಸರು ಹೋಗಲಿ, ಅಲ್ಲಿ ಅವಳದು ಹೋಗಕೂಡದು.

ಹಿತ್ತಲಿನ ಗೊನೆಗೆ ಮಾತ್ರ ನಿಜವಾಗಿಯೂ ಏನೂ ಹೊಡೆದಿಲ್ಲ. ಹಂಪಮ್ಮ ನಂಬುತ್ತಿಲ್ಲ. ನೊಣಗಳೇ ಹೇಳಲಿ.