ಆರನೇ ಬೆಡ್‌ನ ಕಿಟಕಿ

ಸೋಮವಾರ, ಹದಿನಾಲ್ಕನೇ ತಾರೀಕು
ಮಧ್ಯಾಹ್ನ, ಊಟದ ಬಿಡುವು

ಪ್ರೀತಿಯ ಗುಬ್ಬಿಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ನೀನು, ನಿನ್ನ ಮನೆಯವರು, ಮಗಳು ಎಲ್ಲರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ, ಅಥವಾ ಒಮ್ಮೆ ಬೈದುಬಿಟ್ಟು ಆಮೇಲೆ ಓದು. ದಿನವಿಡೀ ಕೀಬೋರ್ಡ್ ಕುಟ್ಟಿ ಕುಟ್ಟಿ ನನ್ನ ಅಕ್ಷರ ಕೋಳಿ ಕೆದರಿದ ಹಾಗಾಗಿದೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ಅದೇ ಸಾಕೆಂದು ನಾನು ಮಾತು ತೇಲಿಸಿಬಿಡುತ್ತೇನೆ. ಕಾಗದದಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ನೀನು ಬರೆದಿದ್ದೀಯ: "ಅಮ್ಮನ ಕೊನೇ ಮಧ್ಯಾಹ್ನ ಹೇಗಿತ್ತು ಅಂತ ಇನ್ನೊಂದ್ಸಲ ಹೇಳಕ್ಕ. ನೀನು ಕೈ ಹಿಡ್ಕೊಂಡಿದ್ದೆ ಅನ್ನೋದೊಂದೇ ನನಗೆ ಸಮಾಧಾನ." ಮೂರು ವರ್ಷದಿಂದ ಇದನ್ನೇ ಕೇಳುತ್ತೀಯ, ನಾನೂ ಹೇಳಿದ್ದನ್ನೇ ಹೇಳುತ್ತ ಬಂದಿದ್ದೇನೆ. ಈ ಸಲವೂ ಬರೆಯುತ್ತೇನೆ. ಮೊದಲು ಆಫೀಸಿನ ಸುದ್ದಿ ಕೇಳು. ಅದನ್ನು ಹೇಳದೆ ಇದನ್ನು ಹೇಳಲು ನನಗೆ ಬರುವುದಿಲ್ಲ.

"ನರ್ಸಮ್ಮ ಹೋಗಿ ಕಂಪ್ಯೂಟರಮ್ಮ ಆದ್ರಂತೆ" ಎಂದು ನಿನ್ನ ಮನೆಯವರು ನಗುತ್ತಾರಲ್ಲ, ನಗಲಿ. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಓಡಾಡಿ ಮಂಡಿ ಸವೆದ ಮೇಲೆ ನನಗೆ ಮೂರನೇ ಮಹಡಿಯಲ್ಲಿ ಚಕ್ರದ ಕುರ್ಚಿ ಸಿಕ್ಕಿದೆ. ರೋಗಿಯ ಕುರ್ಚಿಯಲ್ಲ, ಕೆಲಸದ್ದು. ಪ್ರೋಗ್ರಾಂ ಬರೆಯುವವನು ಪಕ್ಕದ ಮೇಜಿನ ಹುಡುಗಾಟದ ಮನುಷ್ಯ. ಅವನಿಗೆ ನಾನು ಕನ್ನಡಕ ಅಂತ ಹೆಸರಿಟ್ಟಿದ್ದೇನೆ. ರೋಗಿಗಳ ಚಾರ್ಟನ್ನು ನರ್ಸುಗಳು ಯಾವಾಗ, ಹೇಗೆ, ಯಾವ ಅವಸರದಲ್ಲಿ ಬರೆಯುತ್ತಾರೆ ಎಂದು ಅವನಿಗೆ ತಿಳಿಸುವುದು ನನ್ನ ಕೆಲಸ. ಜ್ವರ ದಾಖಲಿಸಲು ಹನ್ನೊಂದು ಸಲ ಒತ್ತಬೇಕಾಗುವಂತೆ ಮಾಡಿಟ್ಟಿದ್ದ. "ಅಷ್ಟೊತ್ತಿಗೆ ಜ್ವರಾನೇ ಇಳಿದಿರತ್ತಪ್ಪ" ಅಂದೆ. ಆ ದಿನದಿಂದ ನನ್ನ ಮಾತು ಕೇಳುತ್ತಾನೆ.

ನಾನು ಹೇಳಿ ಮಾಡಿಸಿದ ಮೊದಲ ಗುಂಡಿಯ ಹೆಸರು 'ಹಿಂದಿನಂತೆ'. ಅದನ್ನು ಒತ್ತಿದರೆ ರೋಗಿಯ ಬಗ್ಗೆ ಹಿಂದಿನ ಪಾಳಿಯವರು ಬರೆದದ್ದೆಲ್ಲ ಹೊಸ ಪುಟಕ್ಕೆ ಬಂದು ಕೂರುತ್ತದೆ, ಬದಲಾದದ್ದನ್ನು ಮಾತ್ರ ತಿದ್ದಿದರೆ ಸಾಕು. ನರ್ಸುಗಳೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಹೋದ ತಿಂಗಳು ಬಾಣಂತಿ ವಾರ್ಡಿನ ಸಿಸ್ಟರ್ ಫೋನ್ ಮಾಡಿದಳು. "ಏನ್ರೀ ಇದು, ನಿನ್ನೆ ಹುಟ್ಟಿದ ಮಗು ಮಾತಾಡಿದೆ ಅಂತ ನಿಮ್ಮ ಮೆಷಿನ್ ಹೇಳ್ತಿದೆ." ಹೋಗಿ ನೋಡಿದೆ. ಮಗುವಿನ ಚಾರ್ಟಿನಲ್ಲಿ ಹೀಗಿತ್ತು: 'ಕಿಟಕಿ ಮುಚ್ಚಿ ಎಂದು ಮತ್ತೆ ಕೇಳಿದರು.' ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನ ಅದೇ ಸಾಲು ಗಂಟಲಲ್ಲಿ ನಳಿಕೆ ಹಾಕಿಸಿಕೊಂಡು ಒಂಬತ್ತು ದಿನದಿಂದ ಎಚ್ಚರವಿಲ್ಲದೆ ಮಲಗಿದ್ದವನ ಚಾರ್ಟಿನಲ್ಲಿ ಸಿಕ್ಕಿತು. ಆಮೇಲೆ ಆಪರೇಷನ್ ಕೋಣೆಯಲ್ಲಿ. ಗುಬ್ಬಿ, ಆ ಕೋಣೆಗೆ ಕಿಟಕಿಯೇ ಇಲ್ಲ. ಹುಡುಕುತ್ತ ಹೋದಂತೆ ನಲವತ್ತೇಳು ಚಾರ್ಟು ಸಿಕ್ಕವು. ಇಷ್ಟು ದಿನ ಯಾರೂ ನೋಡಿರಲಿಲ್ಲ, ಯಾಕೆಂದರೆ ಚಾರ್ಟಿನ ಆ ಷರಾ ಮೂಲೆಯಲ್ಲಿ ಎಲ್ಲರೂ ಬರೆಯುತ್ತಾರೆಯೇ ಹೊರತು ಯಾರೂ ಓದುವುದಿಲ್ಲ.

ನಮ್ಮ ಸಾಹೇಬರು ನನ್ನನ್ನು ಕರೆದು ಕೂರಿಸಿದರು. "ಒಂದು ಸಾಲು ಸುಳ್ಳಾದ್ರೆ ಉಳಿದದ್ದನ್ನ ಡಾಕ್ಟರ್ ಯಾಕೆ ನಂಬಬೇಕು? ನಾಳೆ ಯಾರದೋ ಬಿಪಿ ಇನ್ಯಾರಿಗೋ ಹೋದ್ರೆ? ಹದಿನೈದು ದಿನದಲ್ಲಿ ಇದರ ಮೂಲ ಹುಡುಕಿ. ಆಗ್ಲಿಲ್ಲ ಅಂದ್ರೆ ನೀವು ವಾರ್ಡಿಗೇ ವಾಪಸ್ ಹೋಗೋದು ಒಳ್ಳೇದು" ಎಂದರು. ತಪ್ಪೇನೂ ಹೇಳಲಿಲ್ಲ. ಆದರೂ ನನಗೆ ಮೊದಲು ನೆನಪಾದದ್ದು ನನ್ನ ಮಂಡಿ.

ಮೂಲ ನಾಲ್ಕನೇ ದಿನಕ್ಕೇ ಸಿಕ್ಕಿತು. 'ಹಿಂದಿನಂತೆ' ಒತ್ತಿದಾಗ ಹಿಂದೆ ಏನೂ ಇಲ್ಲದಿದ್ದರೆ, ಈಗ ತಾನೇ ಹುಟ್ಟಿದ ಮಗುವಿಗೆ ಹಿಂದೇನಿರುತ್ತದೆ ಹೇಳು, ಆ ಗುಂಡಿ ಮಾದರಿ ಪುಟಕ್ಕೆ ಹೋಗುತ್ತದೆ. ಮಾದರಿ ಪುಟವನ್ನು ಮೂರು ವರ್ಷದ ಹಿಂದೆ ಮಾಡಿದವಳು ನಾನೇ. ಕಂಪ್ಯೂಟರಿನಲ್ಲಿ ಮೊದಲಿಂದ ಕೊನೆಯವರೆಗೆ ಪೂರ್ತಿ ತುಂಬಿದ ಮೊದಲ ಚಾರ್ಟನ್ನು ತೆಗೆದುಕೊಂಡು, ಹೆಸರು ಅಳಿಸಿ, ಇಟ್ಟಿದ್ದೆ. ಒಂದು ಮೂಲೆಯಲ್ಲಿ ಎರಡು ಸಾಲು ಅಳಿಸಲು ಮರೆತಿದ್ದೆ: 'ಕಿಟಕಿ ಮುಚ್ಚಿ ಎಂದು ಕೇಳಿದರು. ಮುಚ್ಚಲಾಗಿದೆ.' ನನ್ನದೇ ತಪ್ಪು ಎಂದು ತಿಳಿದಾಗ, ನಂಬು, ಹಾಲು ಕುಡಿದಷ್ಟು ಸಂತೋಷವಾಯಿತು.

ಕನ್ನಡಕ ಮಾತ್ರ ತಲೆ ಕೆರೆದುಕೊಳ್ಳುತ್ತ ಕುಳಿತಿದ್ದ. "ಸಿಸ್ಟರ್, ಮಾದರೀಲಿ 'ಮತ್ತೆ' ಅನ್ನೋದು ಇಲ್ವಲ್ಲ. ಮತ್ತೆ ಆ 'ಮುಚ್ಚಲಾಗಿದೆ' ಎಲ್ಲಿ ಹೋಯ್ತು?" ಎಂದ. ನಮ್ಮ ಮೆಷಿನ್ ಪ್ರತಿ ಅಕ್ಷರಕ್ಕೂ ಬರೆದವರು ಯಾರು ಎಂದು ಗುರುತು ಇಟ್ಟುಕೊಳ್ಳುತ್ತದೆ. ನಲವತ್ತೇಳು ಕಡೆಯೂ ಬರೆದವರ ಹೆಸರಿನ ಜಾಗ ಖಾಲಿ ಇತ್ತು.

ಇರಲಿ ಎಂದು ಮಾದರಿ ಪುಟದಿಂದ ಸಾಲುಗಳನ್ನು ಕಿತ್ತುಹಾಕಿದೆವು. ಮರುದಿನದಿಂದ ಹೊಸ ಚಾರ್ಟುಗಳೆಲ್ಲ ಚೊಕ್ಕಟವಾದವು. ಸಾಹೇಬರು ಟೀ ತರಿಸಿ ಕೊಟ್ಟರು. ನನಗೆ ಸುಮ್ಮನಿರಲಾಗಲಿಲ್ಲ. ಮಾದರಿಗೆ ಬಳಸಿದ ಮೂಲ ಚಾರ್ಟನ್ನು ತೆರೆದೆ. ಹೆಂಗಸರ ವಾರ್ಡು, ಆರನೇ ಬೆಡ್. ಆ ರೋಗಿ ತೀರಿಕೊಂಡು ಮೂರು ವರ್ಷವಾಗಿದೆ, ಚಾರ್ಟಿಗೆ ಬೀಗ ಬಿದ್ದಿದೆ. ಆದರೆ ಕೊನೆಯಲ್ಲಿ ಹೊಸ ಸಾಲಿತ್ತು. ಹಿಂದಿನ ದಿನದ ತಾರೀಕು, ಮಧ್ಯಾಹ್ನ ಮೂರು ಹತ್ತು. 'ಕಿಟಕಿ ಮುಚ್ಚಿ ಎಂದು ಮತ್ತೆ ಕೇಳಿದರು.' ಅದರ ಮರುದಿನ ಇನ್ನೊಂದು. ಇವತ್ತಿಗೆ ಒಂಬತ್ತು ಸಾಲು ಆಗಿವೆ. "ಗಡಿಯಾರದ ತೊಂದರೆ ಇರ್ಬೇಕು" ಎಂದ ಕನ್ನಡಕ, ಮೆಲ್ಲಗೆ ತನ್ನ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡ.

ಹೋದ ಶುಕ್ರವಾರ ಮೂರಕ್ಕೆ ಐದು ನಿಮಿಷ ಇರುವಾಗ ಆ ವಾರ್ಡಿಗೆ ಹೋದೆ. ಆರನೇ ಬೆಡ್‌ನಲ್ಲಿ ಈಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಹೊಲಿಗೆಯಾಕೆ ಇದ್ದಾಳೆ, ನಿನ್ನ ವಯಸ್ಸಿನವಳು. ಕಿತ್ತಳೆ ಸುಲಿಯುತ್ತಿದ್ದಳು. ಕಿಟಕಿಗೆ ಚಿಲಕ ಹಾಕಿತ್ತು, ಪರದೆ ಅಲುಗುತ್ತಿರಲಿಲ್ಲ, ಹೊರಗೆ ಸುಡುಬಿಸಿಲು. ಸುಮ್ಮನೆ ಅವಳ ಮಗಳ ಓದು, ಹೊಲಿಗೆ ಮೆಷಿನ್ನಿನ ರಿಪೇರಿ ಅಂತ ಮಾತಾಡಿಸುತ್ತ ನಿಂತೆ. ಗೋಡೆ ಗಡಿಯಾರ ಮೂರು ಹತ್ತು ತೋರಿಸಿತು. ಅವಳು ಮಾತು ನಿಲ್ಲಿಸಿ, ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದುಕೊಂಡಳು.

"ಸಿಸ್ಟರ್, ಆ ಕಿಟಕಿ ಸ್ವಲ್ಪ ಮುಚ್ತೀರಾ?"

"ಮುಚ್ಚೇ ಇದೆಯಲ್ಲಮ್ಮ."

ತಿರುಗಿ ನೋಡಿದಳು. "ಹೌದಲ್ವಾ. ನಾನ್ಯಾಕೆ ಹಾಗಂದೆ?" ಎಂದು ನಾಚಿಕೊಂಡು, ನನಗೆ ಎರಡು ತೊಳೆ ಕಿತ್ತಳೆ ಕೊಟ್ಟಳು. ಅದನ್ನು ಹಿಡಿದುಕೊಂಡೇ ಮೂರು ಮಹಡಿ ಹತ್ತಿದೆ. ನನ್ನನ್ನು ನೀನು ಬಲ್ಲೆ. ಎಷ್ಟೋ ಹೆಣಗಳನ್ನು ಒರೆಸಿ ಮಲಗಿಸಿ, ಕೈ ತೊಳೆದು ಊಟಕ್ಕೆ ಕುಳಿತವಳು. ದೆವ್ವ ಪಿಶಾಚಿ ಎಂದರೆ ನಗುತ್ತಿದ್ದವಳು. ಅವತ್ತು ಕಂಪ್ಯೂಟರ್ ಮುಂದೆ ಕೂತು ಅತ್ತೆ.

ಬೀಗ ಬಿದ್ದ ಚಾರ್ಟನ್ನು ತಿದ್ದಲು ದಾರಿ ಒಂದೇ. ಬರೆದವರೇ ತಮ್ಮ ಪಾಸ್‌ವರ್ಡ್ ಹಾಕಿ, ನಡೆದದ್ದು ಏನು ಎಂದು ಬರೆದು ಒಪ್ಪಿಕೊಳ್ಳಬೇಕು. ಬರುವ ಶುಕ್ರವಾರ ಆ ಕೆಲಸ ಮಾಡುತ್ತೇನೆ. ಈ ಕಾಗದ ಇಂದೇ ಡಬ್ಬಿಗೆ ಹಾಕಿದರೆ ಗುರುವಾರ ನಿನ್ನ ಕೈ ಸೇರುತ್ತದೆ. ಅದು ಸೇರುವವರೆಗೆ ಕಾಯಬೇಕು.

ಮಗಳಿಗೆ ಹೊತ್ತು ಹೊತ್ತಿಗೆ ಊಟ ಮಾಡಲು ಹೇಳು. ನಿನ್ನ ಬಿಪಿ ಮಾತ್ರೆ ತಪ್ಪಿಸಬೇಡ. ನೀವು ಮೂವರೂ ನೂರು ಕಾಲ ನಗುತ್ತ ಬಾಳಿ, ನನ್ನ ಪಾಲಿನ ಆಯಸ್ಸೂ ನಿನಗಿರಲಿ.

ಎಂದೆಂದೂ ನಿನ್ನ,
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಗುಬ್ಬಿ. ಆರನೇ ಬೆಡ್‌ನ ಚಾರ್ಟು ಅಮ್ಮನದು. ಕಂಪ್ಯೂಟರ್ ಶುರುವಾದ ದಿನ ಅದು. ಈ ಕೆಲಸ ನನಗೇ ಸಿಗಲಿ ಎಂದು ವಾರ್ಡ್ ತುಂಬ ಓಡಾಡಿ ಎಲ್ಲರಿಗೂ ಕಲಿಸುತ್ತಿದ್ದೆ. ಮೂರು ಹತ್ತಕ್ಕೆ ಅಮ್ಮ "ಕಿಟಕಿ ಮುಚ್ಚೇ, ಚಳಿ" ಅಂದಳು. "ಬಂದೆ ಅಮ್ಮ, ಒಂದೇ ನಿಮಿಷ" ಅಂದೆ. ಮಾಡುವ ಮೊದಲೇ ಬರೆದಿಡುವುದು ನಮ್ಮ ಕಸುಬಿನವರ ಕೆಟ್ಟ ಚಾಳಿ. ಹೇಗೂ ಮುಚ್ಚುತ್ತೇನಲ್ಲ ಎಂದು 'ಮುಚ್ಚಲಾಗಿದೆ' ಎಂದು ಬರೆದೆ. ಅಷ್ಟರಲ್ಲಿ ಆ ತುದಿಯಿಂದ ಯಾರೋ ಕರೆದರು, ಅವರ ಸ್ಕ್ರೀನ್ ನಿಂತುಹೋಗಿತ್ತು. ವಾಪಸ್ ಬಂದಾಗ ಐವತ್ತು ನಿಮಿಷ ಆಗಿತ್ತು. ಕಿಟಕಿ ತೆರೆದೇ ಇತ್ತು, ಅಮ್ಮನ ಮುಖ ಆ ಕಡೆಗಿತ್ತು. ನಾನು ಮೊದಲು ಕಿಟಕಿ ಮುಚ್ಚಿದೆ.

ಸಾಲು ತಿದ್ದಿದ ಕೂಡಲೇ ರೋಗಿಯ ಮನೆಯವರಿಗೆ ಆಸ್ಪತ್ರೆಯಿಂದ ಸೂಚನೆ ಹೋಗುತ್ತದೆ. ಅಲ್ಲಿರುವುದು ನಿನ್ನ ನಂಬರ್, ಅದನ್ನು ತಡೆಯಲು ನನಗಾಗುವುದಿಲ್ಲ. ಅಮ್ಮನ ಕೈ ಹಿಡಿದುಕೊಂಡಿದ್ದೆ ಎಂದದ್ದು ಸುಳ್ಳಲ್ಲ. ನಾನು ಹಿಡಿಯುವಾಗಲೇ ಅದು ತಣ್ಣಗಾಗಿತ್ತು.