ಅತಿಥಿಗಾಗಿ ತೊಳೆದ ಗೋಡೆ

ಮಾನ್ಯ ವಸತಿ ಅಧಿಕಾರಿಗಳೇ,

ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ಬೂಷ್ಟಿಲ್ಲವೆಂದು ನಿಮ್ಮ ಕಚೇರಿ ಷರಾ ಬರೆದು ಇಂದಿಗೆ ಐದು ವಾರ. ಆ ಇಲ್ಲದ ಬೂಷ್ಟಿನಿಂದ ನನ್ನ ಹದಿಮೂರರ ಮಗಳು ಸುರಾಯಾ ಎರಡು ಸಲ ಆಸ್ಪತ್ರೆ ಸೇರಿದ್ದಾಳೆ. ಇಲ್ಲದ್ದೇ ಇಷ್ಟು ಮಾಡುವುದಾದರೆ, ಇದ್ದಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ಮೇಲಿನ ಮನೆಯ ಬಚ್ಚಲ ಕೊಳವೆ ಒಡೆದು ನೀರು ನಮ್ಮ ಗೋಡೆಯೊಳಗೆ ಇಳಿಯುತ್ತಿದೆ ಎಂದು ಮೂರು ಸಲ ದೂರು ಕೊಟ್ಟೆ. ಉಬ್ಬಸಕ್ಕೆ ಔಷಧಿ ಬರೆದ ಡಾಕ್ಟರಮ್ಮ ಕೊನೆಗೆ ನನ್ನ ಮೇಲೇ ರೇಗಿದರು: "ಇನ್ಹೇಲರ್ ನಾನು ಕೊಡ್ತೀನಮ್ಮ. ದಿನಾ ಹೋಗಿ ಅದೇ ಗೋಡೆ ಪಕ್ಕ ಮಲಗಿದ್ರೆ ನಾನೇನು ಮಾಡ್ಲಿ?"

ತಪ್ಪು ನನ್ನದೂ ಇದೆ, ಮುಚ್ಚಿಡುವುದಿಲ್ಲ. ನಾಳೆ ತಪಾಸಣೆಗೆ ಬರುತ್ತಾರೆಂದು ಫೋನ್ ಬಂದಾಗ ನನ್ನ ತಲೆಗೆ ಹೋದದ್ದು ಒಂದೇ: ಮನೆಗೆ ಹೊಸಬರು ಬರುತ್ತಿದ್ದಾರೆ. ಕಪ್ಪು ಹಿಡಿದ ಗೋಡೆ ತೋರಿಸಿ ಅತಿಥಿಯನ್ನು ಕೂರಿಸುವ ಹೆಂಗಸು ನಮ್ಮ ಬ್ಲಾಕಿನಲ್ಲಿ ಒಬ್ಬಳೂ ಇಲ್ಲ. ರಂಜಾನ್ ಉಪವಾಸ ಮುಗಿದು ಹರಿ ರಾಯ ಹಬ್ಬಕ್ಕೆ ಮಾಡುವಂತೆ ಬ್ಲೀಚ್ ಹಾಕಿ ತಿಕ್ಕಿದೆ, ಉಳಿದಿದ್ದ ಬಿಳಿ ಬಣ್ಣ ಬಳಿದೆ, ಘಮಕ್ಕೆ ಪಾಂಡನ್ ಎಲೆ ಹಾಕಿ ಸಿಹಿ ಕುಯೆ ಹಬೆಯಲ್ಲಿ ಬೇಯಿಸಿದೆ.

"ಅಮ್ಮಾ, ಅವ್ರು ನೋಡೋಕೆ ಬರ್ತಿರೋದೇ ಆ ಕಪ್ಪನ್ನ. ಅದನ್ನೇ ಅಳಿಸ್ತಿದ್ದೀಯಲ್ಲ!" ಎಂದಳು ಸುರಾಯಾ, ಕೆಮ್ಮುತ್ತಲೇ.

"ಸುಮ್ನಿರೇ, ಮಾನ ಮರ್ಯಾದೆ ಬೇಡ್ವಾ?" ಎಂದು ಗದರಿದವಳು ನಾನು.

ನಿಮ್ಮ ತಪಾಸಣಾಧಿಕಾರಿ ನಾಲ್ಕು ಕುಯೆ ತಿಂದರು. "ಅಕ್ಕಾ, ಮನೆ ಎಷ್ಟು ಚೆನ್ನಾಗಿಟ್ಕೊಂಡಿದ್ದೀರಿ!" ಎಂದು ಹೊಗಳಿದರು. ನಾನು ಹಿಗ್ಗಿದೆ, ಆ ಹಿಗ್ಗು ನೆನೆದರೆ ಈಗ ನಾಚಿಕೆಯಾಗುತ್ತದೆ. ಆಮೇಲೆ ಬರೆದರು: "ಗೋಡೆ ಸ್ವಚ್ಛವಾಗಿದೆ. ಕಿಟಕಿ ತೆರೆದಿಡಲು ಸಲಹೆ ನೀಡಲಾಗಿದೆ." ಹಸಿ ಬಣ್ಣದ ವಾಸನೆ ಅವರ ಮೂಗಿಗೆ ಬಡಿಯಲಿಲ್ಲವೇ? ಎದುರಿಗೇ ಕೂತು ಎದೆಯಲ್ಲಿ ಸುಯ್ ಸುಯ್ ಎನ್ನಿಸುತ್ತಿದ್ದ ಹುಡುಗಿ ನಿಮ್ಮ ನಮೂನೆಯ ಯಾವ ಅಂಕಣಕ್ಕೂ ಹೊಂದಲಿಲ್ಲವೇ? ಹತ್ತೇ ದಿನಕ್ಕೆ ಬಣ್ಣ ಉಬ್ಬಿ ಉದುರಿತು, ಬೂಷ್ಟು ಮೊದಲಿಗಿಂತ ದಟ್ಟವಾಗಿ ಎದ್ದಿತು. ಮರುತಪಾಸಣೆ ಕೇಳಿದರೆ, ಸರದಿ ಬರಲಿ ಎಂಬ ಉತ್ತರ.

ಈಗ ನನಗೆ ಬುದ್ಧಿ ಬಂದಿದೆ. ಗೋಡೆ ಒರೆಸುವುದನ್ನು ಬಿಟ್ಟಿದ್ದೇನೆ. ಒರೆಸಿದರೆ ನನ್ನ ಸಾಕ್ಷಿ ಹೋಗುತ್ತದೆ, ಒರೆಸದಿದ್ದರೆ ಮಗಳ ಉಸಿರು ಕಟ್ಟುತ್ತದೆ. ಹಾಗಾಗಿ ಸುರಾಯಾಳನ್ನು ಹೊಳೆಯಾಚೆಯ ತಂಗಿಯ ಮನೆಗೆ ಕಳಿಸಿದ್ದೇನೆ. ಅಲ್ಲಿ ಮೂರು ಮಕ್ಕಳ ಜೊತೆ ಚಾಪೆಯ ಅಂಚಿನಲ್ಲಿ ಮಲಗುತ್ತಾಳೆ. ಶಾಲೆ ಬಿಟ್ಟ ಕೂಡಲೇ ಫೋನ್ ಮಾಡುತ್ತಾಳೆ: "ಅಮ್ಮಾ, ಅವ್ರು ನೋಡ್ಕೊಂಡು ಹೋದ್ರಾ? ನಾನಿನ್ನು ಬರ್ಲಾ?"

ಏನು ಹೇಳಲಿ, ನೀವೇ ಬರೆದು ಕಳಿಸಿ.

ಮಳೆಗಾಲ ಹಿಡಿಯುವ ಮೊದಲು, ಇನ್ನು ಏಳು ದಿನದೊಳಗೆ, ನೀವೇ ಖುದ್ದು ಬನ್ನಿ. ಕೊಳವೆ ಸರಿಮಾಡಿಸಿ. ಗೋಡೆ ಒಣಗುವವರೆಗೆ ನಮಗೆ ಬೇರೆ ಮನೆ ಕೊಡಿ. ಮುಂಚಿತವಾಗಿ ಫೋನ್ ಮಾಡಬೇಡಿ, ನನ್ನ ಕೈ ಮತ್ತೆ ಬ್ರಷ್ಷಿಗೆ ಹೋದೀತು. ಈ ಸಲ ಕುಯೆ ಇಲ್ಲ, ಚಹಾವೂ ಇಲ್ಲ. ನಿಮಗೆ ತೋರಿಸಲೆಂದು ಬೂಷ್ಟನ್ನು ಮನೆಯೊಳಗಿಟ್ಟುಕೊಂಡು ಮಗಳನ್ನು ಹೊರಗಿಟ್ಟಿದ್ದೇನೆ.

ಇಂತಿ,
ಮನೆ ಚೆನ್ನಾಗಿಟ್ಟುಕೊಂಡ ತಪ್ಪಿಗೆ ಮಗಳ ಹಾಸಿಗೆ ಮಡಿಸಿಟ್ಟವಳು,
ರೊಕಿಯಾ ಬಿಂತಿ ಸಲ್ಲೇ
ಮೂರನೇ ಬ್ಲಾಕ್, ಐದನೇ ಮಹಡಿ, ಕ್ವಾಲಾ ಮೆರಾಂತಿ, ಮಲೇಷ್ಯಾ