ಅಜ್ಜಿಯ ಚಿತ್ರದ ಅಡಿಬರಹ

ಭಾನುವಾರ, ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಪಿಎಚ್.ಡಿ. ನೆಪದಲ್ಲಿ ಊಟ ನಿದ್ದೆ ಎರಡಕ್ಕೂ ಎಳ್ಳುನೀರು ಬಿಟ್ಟಿದ್ದೀಯಾ? ಚಿತ್ರಗಳ ಕೆಳಗೆ ಏನೇನು ಬರೆಯಬೇಕು ಎಂದು ಕೇಳಿ, ಪ್ರಬಂಧದ ಒಂದು ಅಧ್ಯಾಯವನ್ನೂ ಕಳಿಸಿ ನೀನು ಕಾಯುತ್ತಿದ್ದೀಯ. ತಡವಾಯಿತು, ಬೈದುಕೊಳ್ಳಬೇಡ. ಪ್ರಕಾಶನದಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಪೆನ್ನು ಹಿಡಿದರೆ ಬರೀ ಬೈಗುಳವೇ ಬರುತ್ತಿತ್ತು.

ಮೊದಲು ಪಾಠ ಮುಗಿಸುತ್ತೇನೆ. ಬಿಡಿಸಿದವರ ಹೆಸರು, ಕೃತಿಯ ಹೆಸರು, ವರ್ಷ, ಯಾವ ಬಣ್ಣ, ಯಾವುದರ ಮೇಲೆ, ಅಳತೆ, ಈಗ ಯಾರ ಬಳಿ ಇದೆ, ನಿನಗೆ ಎಲ್ಲಿಂದ ಸಿಕ್ಕಿತು. ಪೂರ್ತಿ ಹಾಕದೆ ಕತ್ತರಿಸಿದ್ದರೆ ‘ಒಂದು ಭಾಗ’ ಎಂದು ಹೇಳಿಬಿಡು. ಇಷ್ಟೇ. ಇಷ್ಟು ಬರೆಯಲು ನಮ್ಮ ಪಂಡಿತರ ಕೈ ಸೆಟೆದುಕೊಳ್ಳುತ್ತದೆ. ಕರಡು ತಿದ್ದುವ ನನ್ನ ಮೇಜಿಗೆ ಏನೇನು ಬರುತ್ತದೆ ಗೊತ್ತೇ? ಒಬ್ಬರು ‘ಕೃಪೆ: ಅಂತರ್ಜಾಲ’ ಎಂದು ಬರೆದು ಕೈತೊಳೆದುಕೊಂಡಿದ್ದರು. ಅಂತರ್ಜಾಲವೇನು ಕುಂಚ ಹಿಡಿದು ಕೂತಿತ್ತೇ? ಇನ್ನೊಬ್ಬರು ಗಾಜು ಹಾಕಿದ ವರ್ಣಚಿತ್ರವನ್ನು ಮೊಬೈಲಿನಲ್ಲಿ ತೆಗೆದು ‘ಚಿತ್ರ: ಲೇಖಕರದು’ ಎಂದಿದ್ದರು. ಗಾಜಿನಲ್ಲಿ ಅವರ ಹೊಟ್ಟೆ ಕಾಣುತ್ತಿತ್ತು. ಅಷ್ಟು ಮಾತ್ರ ಲೇಖಕರದು, ಒಪ್ಪಿದೆ. ಮತ್ತೊಬ್ಬರು ಎಡಕ್ಕೆ ನೋಡುವ ಮುಖವನ್ನು ಬಲಕ್ಕೆ ತಿರುಗಿಸಿದ್ದರು. "ಪುಟದಿಂದ ಆಚೆ ನೋಡ್ತಿತ್ತು ಮೇಡಂ, ಚೆನ್ನಾಗಿರ್ಲಿಲ್ಲ" ಅಂದರು. "ನಿಮ್ಮ ಬರಹ ನೋಡಲಾರದೆ ಮುಖ ತಿರುಗಿಸಿರಬೇಕು ಸಾರ್" ಅಂದೆ. ಮೇಲಿನವರಿಗೆ ದೂರು ಹೋಯಿತು.

ಅವರನ್ನೆಲ್ಲ ಆಡಿಕೊಂಡು ನಗಬಹುದು. ನಿನ್ನ ಮಾವನನ್ನು ಏನು ಮಾಡಲಿ?

ಮನೆಯೊಳಗಿನ ಹೆಂಗಸರ ಚಿತ್ರಕಲೆಯ ಬಗ್ಗೆ ಅಣ್ಣ ಬರೆಯುತ್ತಿದ್ದನಲ್ಲ, ಆ ಪುಸ್ತಕ ಬೇರೆ ಪ್ರಕಾಶನದಿಂದ ಬಂದಿದೆ. ಹೋದ ತಿಂಗಳು ಎದೆಯುಬ್ಬಿಸಿಕೊಂಡು ತಂದು ಅಜ್ಜಿಯ ತೊಡೆಯ ಮೇಲಿಟ್ಟ. ಮುಖಪುಟದಲ್ಲಿ ಅಜ್ಜಿಯ ಚಿತ್ರ! ಹಳೆಯ ಬೀರುವಿನ ಬಾಗಿಲ ಮೇಲೆ, ಕಿಟಕಿಗೆ ಬಳಿದು ಉಳಿದ ಬಣ್ಣದಲ್ಲಿ ಎದುರು ಮನೆಯ ಮೆಟ್ಟಿಲು ಬಿಡಿಸಿದ್ದಳಲ್ಲ, ಅದೇ. ಅಜ್ಜಿ ಕನ್ನಡಕ ಹಾಕಿಕೊಂಡು ಚಿತ್ರದ ಕೆಳಗಿನ ಮೂಲೆಯನ್ನು ಬೆರಳಿನಿಂದ ತಡವಿದಳು.

"ಇಲ್ಲಿ ನನ್ನ ಹೆಸರು ಬರ್ದಿದ್ನಲ್ಲೋ?"

"ಪುಟದ ಅಳತೆಗೆ ಕೂರ್ಲಿಲ್ಲಮ್ಮ. ಸ್ವಲ್ಪ ಕತ್ತರಿಸ್ಬೇಕಾಯ್ತು."

ನಾನು ಒಳಪುಟ ತೆಗೆದೆ. ‘ಅಜ್ಞಾತ ಕಲಾವಿದೆ. ಶೀರ್ಷಿಕೆಯಿಲ್ಲ. ಲೇಖಕರ ಸಂಗ್ರಹ.’ ಮೈಯೆಲ್ಲ ಉರಿದುಹೋಯಿತು. "ಯಾರಣ್ಣ ಅಜ್ಞಾತ? ನಿನ್ನೆದುರಿಗೇ ಕೂತಿದಾಳಲ್ಲ!" ಅಂದೆ.

"ನಿಂಗೆ ಇದೆಲ್ಲ ಅರ್ಥವಾಗಲ್ಲ ಬಿಡು" ಅಂದ. "ನಮ್ಮಮ್ಮ ಬಿಡ್ಸಿದ್ದು ಅಂತ ಬರೆದ್ರೆ, ಮನೆ ಆಲ್ಬಮ್ ತೋರಿಸ್ತಿದಾನೆ ಅಂತ ನಗ್ತಾರೆ. ಅಜ್ಞಾತ ಅಂದ್ರೆ ಸಂಶೋಧನೆ ಅನ್ಸತ್ತೆ. ಒಂದು ತೂಕ ಬರತ್ತೆ."

ತೂಕವಂತೆ ತೂಕ! ಇಡೀ ಪುಸ್ತಕ ಹೆಂಗಸರ ಹೆಸರು ಅಳಿಸಿಹೋಯಿತಲ್ಲ ಎಂದು ಗೋಳಾಡುತ್ತದೆ; ಬರೆದ ಮಹಾನುಭಾವ ಹೆತ್ತವಳ ಹೆಸರನ್ನೇ ಕತ್ತರಿಯಲ್ಲಿ ಕಚಕ್ಕೆನಿಸಿದ್ದಾನೆ. ಹೇಸಿಗೆಯಾಯಿತು ಕಣೇ. ಸಿಟ್ಟಾದರೆ ಜಗಳವಾಡಿ ಕಳೆದುಕೊಳ್ಳಬಹುದು, ಇದು ಹಾಗಲ್ಲ. ಪುಸ್ತಕ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೆ, ನಂಬು.

ಅಜ್ಜಿ ರೇಗಲಿಲ್ಲ. "ಬಿಸಿಲಲ್ಲಿ ಬಂದಿದೀಯ, ನೀರು ಕುಡಿ" ಎಂದಳು ಅಷ್ಟೇ. ಅವನು ಹೋದ ಮೇಲೆ ನನ್ನನ್ನು ಕೇಳಿದಳು: "ಅಲ್ವೇ, ಅರ್ಜಿಗಳಲ್ಲೆಲ್ಲ ತಾಯಿ ಹೆಸರು ಅಂತ ಒಂದು ಕಡೆ ಇರತ್ತಲ್ಲ, ಅಲ್ಲಿ ಏನು ಬರೀತಾನೆ ಇವನು?"

ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ. "ನಿನ್ನ ಮೊಮ್ಮಗಳೂ ಆ ಚಿತ್ರದ ಬಗ್ಗೆ ಬರೀತಿದಾಳಮ್ಮ. ಅವಳು ನೆಟ್ಟಗೆ ಹಾಕ್ತಾಳೆ ನೋಡು" ಎಂದೆ. ಅಜ್ಜಿಯ ಮುಖ ಎಷ್ಟು ಅರಳಿತು ಅಂತೀಯ. "ಪೂರ್ತಿ ಹೆಸರು ಹಾಕೋಕೆ ಹೇಳು. ಚಿತ್ರಕ್ಕೆ ನಾನಿಟ್ಟಿದ್ದು ‘ಎದುರು ಮನೆಯ ಬಿಸಿಲು’ ಅಂತ, ಅದನ್ನೂ ಹೇಳು" ಎಂದಳು.

ಉಳಿದಂತೆ ನಾವು ಚೆನ್ನಾಗಿದ್ದೇವೆ. ಅಜ್ಜಿಯ ಮೊಣಕಾಲು ನೋವು ಇದ್ದದ್ದೇ. ನಿನ್ನಪ್ಪ ಹೊಸ ಕುಕ್ಕರಿನ ಸೀಟಿ ರಿಪೇರಿ ಮಾಡಲು ಹೋಗಿ ಅಟ್ಟದಿಂದ ಹಳೆಯ ಕುಕ್ಕರನ್ನೇ ಇಳಿಸಿಕೊಳ್ಳುವ ಹಾಗೆ ಮಾಡಿದ್ದಾರೆ.

ಆರೋಗ್ಯ ನೋಡಿಕೋ. ಹಿಡಿದ ಕೆಲಸ ಕೈಗೂಡಲಿ, ಎಲ್ಲಿ ಹೋದರೂ ತಲೆಯೆತ್ತಿ ನಿಲ್ಲುವ ಹಾಗಾಗಲಿ, ಅಷ್ಟೇ ನನ್ನ ಹರಕೆ.

ನಿನ್ನ
ಅಮ್ಮ

ತಾ.ಕ.: ಅಜ್ಜಿಗೆ ಆ ಮಾತು ಕೊಟ್ಟ ಮೇಲೆ ನಿನ್ನ ಅಧ್ಯಾಯ ಬಂತು, ತೆರೆದು ನೋಡಿದೆ. ಎದುರು ಮನೆಯ ಮೆಟ್ಟಿಲಿನ ಕೆಳಗೆ ನೀನೂ ‘ಅಜ್ಞಾತ ಕಲಾವಿದೆ’ ಎಂದು ಬರೆದಿದ್ದೀಯ. ಮಾವನ ಪುಸ್ತಕದ ಹೆಸರು, ಪುಟಸಂಖ್ಯೆ, ಎಲ್ಲವೂ ಕ್ರಮಬದ್ಧ. ತಿದ್ದುವವಳಾಗಿ ನಾನು ತಪ್ಪು ಹುಡುಕುವ ಹಾಗಿಲ್ಲ. ಅಜ್ಜಿ ಅದನ್ನು ಬಿಡಿಸುವಾಗ ಬಣ್ಣದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವಳು ನೀನು. "ಬಂತೇನೇ ಅವಳು ಬರ್ದಿದ್ದು? ತೋರ್ಸು" ಎಂದು ಅಜ್ಜಿ ದಿನಾ ಕೇಳುತ್ತಾಳೆ. ಇನ್ನೂ ಬಂದಿಲ್ಲ ಎಂದು ಹೇಳುತ್ತಿದ್ದೇನೆ.